ಅರ್ಧ ಜೊಳ್ಳು, ಅರ್ಧ ಗಟ್ಟಿ

ಪೈರು ಸೊಂಪಾಗಿ ಬೆಳೆದು, ಹೂವಾಡಿ, ತೆನೆಯನ್ನೂ ಹೊರಹಾಕಿದ ಮೇಲೆ ಕಾಳು ಕಟ್ಟದೆ ಜೊಳ್ಳಾಯಿತೆಂದರೆ, ಅದರ ಕಾರಣವನ್ನು ಅರಸಿ ನಮ್ಮ ಬೇಸಾಯಗಾರನು ಬಹುದೂರ ಹೋಗಬೇಕಾದುದಿಲ್ಲ. ಹೂವಿನ ಹೊತ್ತಿಗೆ ಜಡಿಮಳೆ ಹಿಡಿದು ಪರಾಗ ತೊಳೆದುಹೋಗಿರಬಹುದು, ಕಾಳು ಹಾಲುಗಟ್ಟುವ ಹೊತ್ತಿಗೆ ನೆಲದ ತೇವ ಆರಿರಬಹುದು, ಅಥವಾ ತಿಗಣೆ ಕುಳಿತು ಹಾಲನ್ನು ಹೀರಿರಬಹುದು. ಆದರೆ ಸಸ್ಯವಿಜ್ಞಾನಿಗಳ ಪ್ರಯೋಗಕ್ಷೇತ್ರಗಳಲ್ಲಿ ಇವಾವುವಕ್ಕೂ ಸಂಬಂಧಿಸದ ಬೇರೊಂದು ಬಗೆಯ ಜೊಳ್ಳು ಉಂಟು. ಗಿಡಕ್ಕೆ ರೋಗವಿಲ್ಲ, ನೀರುಗೊಬ್ಬರಗಳ ಕೊರತೆಯಿಲ್ಲ, ಎಲೆಯಲ್ಲಿಯೂ ಕಾಂಡದಲ್ಲಿಯೂ ಹೂವಿನಲ್ಲಿಯೂ ಕುಂದೆಂಬುದು ಕಾಣದು. ಆದರೂ ಅದರ ಪರಾಗಕಣಗಳಲ್ಲಿ ಅರ್ಧ ಜೊಳ್ಳು, ಅಂಡಕಗಳಲ್ಲಿ ಅರ್ಧ ಜೊಳ್ಳು. ಬರವಾಗಲಿ ಕೀಟವಾಗಲಿ ಹೀಗೆ ಲೆಕ್ಕ ಹಾಕಿ ಕೇಡು ಮಾಡುವುದಿಲ್ಲವಷ್ಟೆ. ಆದುದರಿಂದ ಈ ಅರ್ಧದ ಹಿಂದೆ ಯಾವುದೋ ಒಂದು ನಿಯಮವಿರಲೇಬೇಕೆಂದು ಊಹಿಸುವುದು ಸಹಜ. ಆ ನಿಯಮವು ಯಾವುದು, ಬೀಜಗಳನ್ನೋ ಪರಾಗವನ್ನೋ ಕ್ಷ-ಕಿರಣಕ್ಕೂ ಗ್ಯಾಮಾ ಕಿರಣಕ್ಕೂ ಒಡ್ಡಿದಾಗ ಇಂಥ ಗಿಡಗಳು ಹೆಚ್ಚು ಹೆಚ್ಚಾಗಿ ತಲೆದೋರುವುದೇಕೆ, ಈ ವಂಧ್ಯತೆಯು ಗಿಡದ ವಂಶಕ್ಕೆ ಶಾಶ್ವತವಾದ ಶಾಪವೇ ಅಲ್ಲವೇ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿಯೂ ವರ್ಣತಂತುಗಳೆಂಬ ಸೂಕ್ಷ್ಮವಾದ ಎಳೆಗಳು ಇರುತ್ತವೆ. ಜೀವಿಯ ಗುಣಗಳನ್ನು ನಿರ್ಧರಿಸುವ ಜೀನುಗಳು ಈ ಎಳೆಗಳ ಉದ್ದಕ್ಕೂ ಒಂದು ಗೊತ್ತಾದ ಅನುಕ್ರಮದಲ್ಲಿ ನೆಲೆಗೊಂಡಿವೆ. ಬಾರ್ಲಿಯಲ್ಲಿ ಏಳು ಜೊತೆ, ಮೆಕ್ಕೆಜೋಳದಲ್ಲಿ ಹತ್ತು, ಬತ್ತದಲ್ಲಿ ಹನ್ನೆರಡು, ರಾಗಿಯಲ್ಲಿ ಹದಿನೆಂಟು, ಗೋಧಿಯಲ್ಲಿ ಇಪ್ಪತ್ತೊಂದು ಹೀಗೆ ಒಂದೊಂದು ಸಸ್ಯಜಾತಿಗೆ ಒಂದೊಂದು ಸಂಖ್ಯೆ. ಪ್ರತಿಯೊಂದು ಜೊತೆಯಲ್ಲಿ ಒಂದು ತಂತು ತಾಯಿಯ ಕಡೆಯಿಂದ ಬಂದುದು, ಇನ್ನೊಂದು ತಂದೆಯ ಕಡೆಯಿಂದ ಬಂದುದು. ಪರಾಗವೂ ಅಂಡವೂ ರೂಪುಗೊಳ್ಳುವುದಕ್ಕೆ ಮುಂಚೆ, ಜೊತೆಯ ಈ ಎರಡು ತಂತುಗಳು ಒಂದನ್ನೊಂದು ಅರಸಿಕೊಂಡು ಬಂದು, ಉದ್ದಕ್ಕೂ ಜೀನಿಗೆ ಜೀನು ಹೊಂದುವಂತೆ ಮಗ್ಗುಲುಗೂಡಿ, ಬಳಿಕ ಬೇರ್ಪಟ್ಟು ಎದುರುಬದುರು ಧ್ರುವಗಳಿಗೆ ಸಾಗುತ್ತವೆ. ಹೀಗೆ ಸಂಖ್ಯೆಯು ಅರ್ಧಕ್ಕಿಳಿಯುವ ಈ ವಿಭಜನೆಗೆ ಮಿಯಾಸಿಸ್ ಎಂದು ಹೆಸರು. ಜೀನುಗಳ ಅನುಕ್ರಮವು ಎರಡು ತಂತುಗಳಲ್ಲಿಯೂ ಒಂದೇ ಆಗಿರುವಷ್ಟು ಕಾಲ ಈ ಕಾರ್ಯವು ತೊಡಕಿಲ್ಲದೆ ನಡೆಯುತ್ತದೆ.

ಶಕ್ತಿಯುತವಾದ ಕಿರಣವೊಂದು ಕೋಶವನ್ನು ಹಾದುಹೋಗುವಾಗ ತನ್ನ ಹಾದಿಯಲ್ಲಿ ಅಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತದೆ. ಆ ಕ್ಷೋಭೆಯಲ್ಲಿ ವರ್ಣತಂತುಗಳು ಅಲ್ಲಲ್ಲಿ ತುಂಡಾಗುತ್ತವೆ. ತುಂಡಾದ ತುದಿಗಳು ಸುಮ್ಮನಿರುವುವಲ್ಲ, ಮತ್ತೆ ಕೂಡಿಕೊಳ್ಳಲು ಹವಣಿಸುತ್ತವೆ. ಬಹುಪಾಲು ಸಂದರ್ಭಗಳಲ್ಲಿ ಮುರಿದ ಕಡೆಯೇ ಮತ್ತೆ ಬೆಸೆದುಕೊಂಡು ಗಾಯವು ಮಾಯ್ದುಹೋಗುತ್ತದೆ. ಆದರೆ ಹತ್ತಿರದಲ್ಲಿ ಹೊತ್ತಿಗೆ ಸರಿಯಾಗಿ ಮತ್ತೊಂದು ಮುರಿತವೂ ಸಂಭವಿಸಿದ್ದರೆ, ಇದರ ತುದಿ ಅದಕ್ಕೂ ಅದರ ತುದಿ ಇದಕ್ಕೂ ಕೂಡಿಕೊಳ್ಳಬಹುದು. ಇದರ ಫಲವಾಗಿ ನಾಲ್ಕು ಬಗೆಯ ವ್ಯತ್ಯಾಸಗಳು ಉಂಟಾಗುತ್ತವೆ: ತಂತುವಿನ ಒಂದು ಭಾಗ ಕಳೆದುಹೋದರೆ ಅದು ಲೋಪ, ಒಂದು ಭಾಗವೇ ಎರಡು ಬಾರಿ ಬಂದರೆ ದ್ವಿರುಕ್ತಿ, ನಡುವಿನ ಭಾಗವು ಹಿಂದುಮುಂದಾಗಿ ಸೇರಿಕೊಂಡರೆ ವಿಲೋಮ, ಬೇರೆ ಬೇರೆ ಜೊತೆಗಳಿಗೆ ಸೇರಿದ ಎರಡು ತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡರೆ ವಿನಿಮಯ. ಮೊದಲೆರಡರಲ್ಲಿ ದ್ರವ್ಯದ ಮೊತ್ತವೇ ಹೆಚ್ಚುಕಡಮೆಯಾಗುತ್ತದೆ. ವಿಲೋಮ ವಿನಿಮಯಗಳಲ್ಲಿಯಾದರೋ ಏನೊಂದೂ ಕಳೆಯುವುದಿಲ್ಲ, ಏನೊಂದೂ ಕೂಡುವುದಿಲ್ಲ; ಕೇವಲ ಕ್ರಮವು ಬದಲಾಗುತ್ತದೆ. ಎಲ್ಲ ಜೀನುಗಳೂ ಇರುವುದರಿಂದ ಗಿಡವು ನೋಟಕ್ಕೆ ಪರಿಪೂರ್ಣ. ಆದರೂ ಅದರ ಸಂತತಿಯಲ್ಲಿ ಅರ್ಧವು ಹುಟ್ಟುವುದಕ್ಕೆ ಮೊದಲೇ ನಾಶವಾಗುತ್ತದೆ ಎಂಬುದೇ ಇಲ್ಲಿಯ ವೈಚಿತ್ರ್ಯ.

ಈ ಸಮಸ್ಯೆಯು ಮೊದಲು ಸ್ಪಷ್ಟವಾಗಿ ಕಾಣಿಸಿಕೊಂಡುದು ಕಿರಣಗಳ ಪ್ರಯೋಗದಲ್ಲಿ ಅಲ್ಲ, ನಮ್ಮ ನಾಡಿನ ಬೇಲಿಗಳಲ್ಲಿ ಮೈತುರಿಕೆಗೆ ಹೆಸರಾದ ನಸುಗುನ್ನಿಯ ಸಮೀಪದ ಬಂಧುಗಳಲ್ಲಿ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಫ್ಲಾರಿಡಾದಲ್ಲಿ ಕೆಲಸ ಮಾಡುತ್ತಿದ್ದ ಜಾನ್ ಬೆಲ್ಲಿಂಗ್ ಎಂಬಾತನು, ಅಲ್ಲಿ ದನಗಳ ಮೇವಿಗಾಗಿ ಬೆಳೆಯುತ್ತಿದ್ದ ವೆಲ್ವೆಟ್ ಅವರೆಯನ್ನು ಅದರ ಏಷ್ಯದ ಬಂಧುಗಳೊಡನೆ ಸಂಕರಗೊಳಿಸಿದಾಗ, ಹುಟ್ಟಿದ ಬಳ್ಳಿಗಳಲ್ಲಿ ಪರಾಗದ ಅರ್ಧವೂ ಅಂಡಕಗಳ ಅರ್ಧವೂ ನಿಸ್ಸಾರವಾಗಿರುವುದನ್ನು ಕಂಡು, 1914ರಲ್ಲಿ ಈ ಅರ್ಧವಂಧ್ಯತೆಯ ಆನುವಂಶಿಕ ನಿಯಮವನ್ನು ಪ್ರಕಟಿಸಿದನು. ಆಗ ಅದರ ಭೌತಿಕ ಕಾರಣ ಅವನಿಗೆ ಹೊಳೆದಿರಲಿಲ್ಲ. ಹತ್ತು ವರ್ಷಗಳಿಗೂ ಮಿಕ್ಕು ಕಳೆದ ಮೇಲೆ, ಆಲ್ಬರ್ಟ್ ಬ್ಲೇಕ್ಸ್‌ಲೀ ಎಂಬ ವಿಜ್ಞಾನಿಯೊಡಗೂಡಿ ದತ್ತೂರದ ಗಿಡಗಳನ್ನು ಪರಿಶೀಲಿಸುತ್ತಿದ್ದಾಗ, ಬೇರೆ ಬೇರೆ ಜೊತೆಗಳ ತಂತುಗಳು ತುದಿಗಳನ್ನು ಅದಲುಬದಲು ಮಾಡಿಕೊಂಡಿವೆಯೆಂದು ಭಾವಿಸಿದರೆ ಎಲ್ಲ ವೈಚಿತ್ರ್ಯಗಳೂ ಒಮ್ಮೆಗೇ ಅರ್ಥವಾಗುತ್ತವೆಂಬುದನ್ನು ಅವನು ತೋರಿಸಿಕೊಟ್ಟನು. ಪರಾಗಕೋಶವನ್ನು ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣದಲ್ಲಿ ಜಜ್ಜಿ ಗಾಜಿನ ಮೇಲೆ ಸವರಿ ತಂತುಗಳನ್ನು ನೋಡುವ ಸುಲಭವಾದ ವಿಧಾನವನ್ನು ರೂಢಿಗೆ ತಂದವನೂ ಅವನೇ. ಇಂದಿಗೂ ಆ ಬಣ್ಣದಲ್ಲಿ ಗಟ್ಟಿಯಾದ ಪರಾಗವು ಕೆಂಪಗೆ ತುಂಬಿ ಕಾಣುತ್ತದೆ, ಜೊಳ್ಳಾದುದು ಬಣ್ಣ ಹಿಡಿಯದೆ ಮುದುಡಿ ಬಿಳಿಚಿಕೊಂಡಿರುತ್ತದೆ, ಮತ್ತು ವಿದ್ಯಾರ್ಥಿಯಾದವನು ಎರಡನ್ನೂ ಎಣಿಸಿ ಗಿಡದ ಫಲಶಕ್ತಿಯನ್ನು ಅಳೆಯಬಲ್ಲನು.

ಈ ಅರ್ಧದ ಲೆಕ್ಕವು ಹೇಗೆ ಬರುವುದೆಂಬುದನ್ನು ಒಂದು ಹೋಲಿಕೆಯಿಂದ ಮನಗಾಣಬಹುದು. ಎರಡು ಸಂಪುಟಗಳಾಗಿ ಅಚ್ಚಾದ ಒಂದು ಗ್ರಂಥದ ಎರಡು ಪ್ರತಿಗಳು ಒಂದು ಮನೆಯಲ್ಲಿ ಇವೆಯೆಂದು ಇಟ್ಟುಕೊಳ್ಳೋಣ. ಮೊದಲ ಪ್ರತಿಯಲ್ಲಿ ಎಲ್ಲವೂ ಸರಿಯಾಗಿದೆ. ಎರಡನೆಯ ಪ್ರತಿಗೆ ರಟ್ಟು ಕಟ್ಟಿದವನು ಒಂದನೆಯ ಸಂಪುಟದ ಕೊನೆಯ ಅಧ್ಯಾಯಗಳನ್ನು ಎರಡನೆಯದಕ್ಕೂ ಎರಡನೆಯದರ ಕೊನೆಯ ಅಧ್ಯಾಯಗಳನ್ನು ಒಂದನೆಯದಕ್ಕೂ ಸೇರಿಸಿ ಹೊಲಿದುಬಿಟ್ಟಿದ್ದಾನೆ. ಮನೆಯ ಮಗನೊಬ್ಬನು ಪಾಲಿಗೆ ಬಂದ ಎರಡು ಸಂಪುಟಗಳನ್ನು ಕೊಂಡೊಯ್ಯುವಾಗ ಸರಿಯಾದ ಪ್ರತಿಯದೇ ಎರಡನ್ನೂ ಒಯ್ದರೆ ಅವನಿಗೆ ಸಮಗ್ರ ಗ್ರಂಥವೇ ದೊರೆಯಿತು. ಕ್ರಮಗೆಟ್ಟ ಪ್ರತಿಯದೇ ಎರಡನ್ನೂ ಒಯ್ದರೂ, ಪುಟಗಳು ಹಿಂದುಮುಂದಾಗಿವೆಯೆಂಬುದನ್ನು ಬಿಟ್ಟರೆ, ಗ್ರಂಥವು ಸಮಗ್ರವೇ. ಆದರೆ ಒಂದು ಸಂಪುಟವನ್ನು ಈ ಪ್ರತಿಯಿಂದಲೂ ಇನ್ನೊಂದನ್ನು ಆ ಪ್ರತಿಯಿಂದಲೂ ಆಯ್ದುಕೊಂಡನಾದರೆ, ಕೆಲವು ಅಧ್ಯಾಯಗಳು ಎರಡೆರಡು ಸಲ ಬಂದು, ಮತ್ತೆ ಕೆಲವು ಇಲ್ಲವೇ ಇಲ್ಲವಾಗುತ್ತವೆ. ವಿನಿಮಯವಾದ ತಂತುಗಳನ್ನೂ ವಿನಿಮಯವಾಗದ ತಂತುಗಳನ್ನೂ ಒಟ್ಟಿಗೆ ಹೊತ್ತ ಗಿಡದಲ್ಲಿ ನಡೆಯುವುದು ಇದೇ. ಅಲ್ಲಿ ಜೊತೆಗಳು ಎರಡೆರಡಾಗಿ ಕೂಡಲಾರದೆ ನಾಲ್ಕು ತಂತುಗಳೂ ಶಿಲುಬೆಯ ಆಕಾರದಲ್ಲಿ ಹೆಣೆದುಕೊಂಡು, ಅನಂತರ ಉಂಗುರವಾಗಿಯೋ ಸರಪಳಿಯಾಗಿಯೋ ನಿಲ್ಲುತ್ತವೆ. ಉಂಗುರದಲ್ಲಿ ಒಂದು ಬಿಟ್ಟು ಒಂದು ತಂತು ಒಂದೇ ಕಡೆಗೆ ಹೋದರೆ ಎರಡೂ ಬಗೆಯ ಪರಾಗಗಳು ಸಮಗ್ರವಾಗಿರುತ್ತವೆ. ಮಗ್ಗುಲಲ್ಲಿ ಮಗ್ಗುಲಿರುವ ತಂತುಗಳು ಒಟ್ಟಿಗೆ ಹೋದರೆ ಎರಡೂ ಅಪೂರ್ಣ. ಮೆಕ್ಕೆಜೋಳದಂಥ ಸಸ್ಯಗಳಲ್ಲಿ ಈ ಎರಡು ಬಗೆಯ ಹಂಚಿಕೆಗಳೂ ಹೆಚ್ಚುಕಡಮೆ ಸಮಸಮನಾಗಿ ನಡೆಯುವುದರಿಂದಲೇ ಜೊಳ್ಳು ಅರ್ಧದಷ್ಟಾಗುತ್ತದೆ.

ಅಪೂರ್ಣವಾದ ಪರಾಗವು ತಾನೇ ಸಾಯಬೇಕಾದುದೇಕೆ ಎಂದು ಕೇಳಬಹುದು. ಪ್ರಾಣಿಗಳಲ್ಲಿ ಇಂಥ ಕೊರತೆಯುಳ್ಳ ರೇತಾಣುವು ಸಾಮಾನ್ಯವಾಗಿ ಎಂದಿನಂತೆಯೇ ಈಜಿ ಅಂಡವನ್ನು ಸೇರಬಲ್ಲುದು. ಕೇಡು ಪ್ರಕಟವಾಗುವುದು ಮುಂದೆ ಭ್ರೂಣದಲ್ಲಿ. ಸಸ್ಯದ ಪರಾಗಕಣವಾದರೋ ಕೇವಲ ವಾಹಕವಲ್ಲ, ಅಲ್ಪಾಯುವಾದರೂ ಅದೊಂದು ಸ್ವತಂತ್ರ ಜೀವಿ. ಅದು ವಿಭಜಿಸಬೇಕು, ಪಿಷ್ಟವನ್ನು ಕೂಡಿಡಬೇಕು, ಶಲಾಕಾಗ್ರದ ಮೇಲೆ ಬಿದ್ದು ಮೊಳೆತು ನಳಿಕೆಯನ್ನು ಬೆಳೆಸಬೇಕು. ಈ ಕೆಲಸಗಳಿಗೆಲ್ಲ ತನ್ನಲ್ಲಿರುವ ಒಂದೊಂದೇ ಪ್ರತಿಯ ಜೀನುಗಳನ್ನು ಅದು ನಂಬಿದೆ. ಅಂಡಕದೊಳಗಿನ ಭ್ರೂಣಚೀಲದ ಸ್ಥಿತಿಯೂ ಹಾಗೆಯೇ. ಜೀನುಗಳ ಒಂದು ಗೊಂಚಲೇ ಇಲ್ಲವಾದಾಗ ಬದಲಿಗೆ ನಿಲ್ಲಲು ಇನ್ನೊಂದು ಪ್ರತಿಯಿಲ್ಲದುದರಿಂದ, ದೋಷವಿರುವ ಕಣಗಳು ಹೂವಿನಲ್ಲಿಯೇ ನಿವಾರಣೆಯಾಗುತ್ತವೆ. ಆದುದರಿಂದ ಸಸ್ಯಗಳಲ್ಲಿ ಲೋಪಗಳು ಮುಂದಿನ ಪೀಳಿಗೆಗೆ ದಾಟುವುದು ವಿರಳ. ಸಮಗ್ರವಾದ ವಿನಿಮಯವು ಮಾತ್ರ ಧಾರಾಳವಾಗಿ ದಾಟುತ್ತದೆ.

1927ರಲ್ಲಿ ಹರ್ಮನ್ ಮಲ್ಲರನು ಹಣ್ಣುನೊಣಗಳಲ್ಲಿ ಕ್ಷ-ಕಿರಣವು ಉತ್ಪರಿವರ್ತನೆಗಳನ್ನು ಹುಟ್ಟಿಸುವುದೆಂದು ತೋರಿಸಿದನು. ಮರುವರ್ಷವೇ ಮಿಸೂರಿ ವಿಶ್ವವಿದ್ಯಾನಿಲಯದ ಲೂಯಿಸ್ ಸ್ಟ್ಯಾಡ್ಲರನು ಬಾರ್ಲಿಯಲ್ಲಿ ಅದನ್ನೇ ಸಾಧಿಸಿ ತೋರಿಸಿದನು. ಕಿರಣ ತಾಗಿದ ಮೆಕ್ಕೆಜೋಳದ ಪರಾಗದಿಂದ ಹುಟ್ಟಿದ ಗಿಡಗಳಲ್ಲಿ ಅನೇಕವು ಅರ್ಧವಂಧ್ಯವಾಗಿದ್ದುವು. ಅವುಗಳ ತೆನೆಗಳಲ್ಲಿ ಕಾಳುಗಳು ಸಾಲುಗೆಟ್ಟು, ನಡುನಡುವೆ ಬರಿದಾಗಿ ಇರುತ್ತಿದ್ದುವು. ಬಾರ್ಬರಾ ಮೆಕ್‌ಕ್ಲಿಂಟಾಕ್ ಎಂಬ ಯುವತಿಯು ಮೆಕ್ಕೆಜೋಳದ ಹತ್ತು ತಂತುಗಳನ್ನೂ ಒಂದೊಂದಾಗಿ ಗುರುತಿಸುವ ಬಗೆಯನ್ನು ಅದಾಗಲೇ ಕಂಡುಕೊಂಡಿದ್ದಳು. ವಿನಿಮಯವು ತಂತುವಿನ ಯಾವ ಸ್ಥಾನದಲ್ಲಿ ನಡೆದಿದೆಯೆಂಬುದನ್ನು ಶಿಲುಬೆಯಾಕಾರದ ಆ ಜೋಡಣೆಯಿಂದಲೇ 1930ರಲ್ಲಿ ಕಣ್ಣಾರೆ ತೋರಿಸಿದ್ದಳು. 1931ರಲ್ಲಿ ಆಕೆ ಮಿಸೂರಿಗೆ ಹೋಗಿ ಸ್ಟ್ಯಾಡ್ಲರನ ಗಿಡಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ, ವಿನಿಮಯ, ವಿಲೋಮ, ಲೋಪಗಳೂ ತುದಿಗಳು ಕೂಡಿ ಉಂಗುರಗಳಾದ ತಂತುಗಳೂ ಒಂದಾದ ಮೇಲೊಂದು ದೃಷ್ಟಿಗೆ ಬಿದ್ದುವು. ಮುರಿದ ತುದಿಗಳ ವರ್ತನೆಯನ್ನು ಬೆನ್ನುಹತ್ತಿದ ಆ ಅನ್ವೇಷಣೆಯೇ ಮುಂದೆ ಸ್ಥಳ ಬದಲಿಸುವ ಜೀನುಗಳ ಶೋಧಕ್ಕೂ, 1983ರ ನೊಬೆಲ್ ಪಾರಿತೋಷಕಕ್ಕೂ ದಾರಿಯಾಯಿತು.

ಕಿರಣದ ಪ್ರಮಾಣಕ್ಕೂ ಈ ವ್ಯತ್ಯಾಸಗಳಿಗೂ ಇರುವ ಸಂಬಂಧವನ್ನು ಹಾರ್ವರ್ಡಿನ ಕಾರ್ಲ್ ಸ್ಯಾಕ್ಸನು ಟ್ರಾಡೆಸ್ಕಾನ್ಷಿಯ ಎಂಬ ಹೂಗಿಡದ ಎಳೆಯ ಪರಾಗಕಣಗಳಲ್ಲಿ 1930ರ ದಶಕದಲ್ಲಿ ಅಳೆದನು. ಕ್ಷ-ಕಿರಣದ ಪ್ರಮಾಣವನ್ನು ಇಮ್ಮಡಿ ಮಾಡಿದರೆ ಒಂಟಿ ಮುರಿತಗಳು ಇಮ್ಮಡಿಯಾಗುತ್ತವೆ. ಎರಡು ಮುರಿತಗಳು ಕೂಡಿಬರಬೇಕಾದ ವಿನಿಮಯಗಳಾದರೋ ಇಮ್ಮಡಿಗಿಂತ ಬಹಳ ಹೆಚ್ಚಾಗಿ, ನಾಲ್ಮಡಿಯತ್ತ ಏರುತ್ತವೆ. ಅದೇ ಪ್ರಮಾಣವನ್ನು ಒಮ್ಮೆಗೇ ಕೊಡದೆ ಕಾಲವನ್ನು ಹಿಗ್ಗಿಸಿ ಮೆಲ್ಲಮೆಲ್ಲನೆ ಕೊಟ್ಟರೆ, ಎರಡನೆಯ ಮುರಿತವು ಬರುವುದರೊಳಗೆ ಮೊದಲನೆಯದು ಮಾಯ್ದುಹೋಗುವುದರಿಂದ ವಿನಿಮಯಗಳು ಕಡಮೆಯಾಗುತ್ತವೆ. ಬೀಜಗಳಿಗೆ ಕಿರಣ ಕೊಡುವವರು ಮಿತಿಯನ್ನು ಅಷ್ಟು ಎಚ್ಚರದಿಂದ ಆರಿಸುವುದಕ್ಕೆ ಇದೂ ಒಂದು ಕಾರಣ: ಪ್ರಮಾಣವು ಏರಿದಂತೆಲ್ಲ ಬೇಕಾದ ಸಣ್ಣ ಪರಿವರ್ತನೆಗಳಿಗಿಂತ ಬೇಡವಾದ ಕ್ರಮಭಂಗಗಳು ವೇಗವಾಗಿ ಹೆಚ್ಚುತ್ತವೆ.

ಇಷ್ಟನ್ನು ತಿಳಿದ ಮೇಲೆ ಮುಖ್ಯವಾದ ಪ್ರಶ್ನೆಗೆ ಬರಬಹುದು. ಅರ್ಧವಂಧ್ಯವಾದ ಗಿಡವೊಂದನ್ನು ಸ್ವಪರಾಗದಿಂದಲೇ ಫಲಿತಗೊಳಿಸಿ, ಉಳಿದ ಗಟ್ಟಿಕಾಳುಗಳನ್ನು ಬಿತ್ತಿದರೆ ಏನಾಗುವುದು? ಬದುಕಿದ ಪರಾಗಗಳಲ್ಲಿ ಅರ್ಧ ಹಳೆಯ ಕ್ರಮದವು, ಅರ್ಧ ಹೊಸ ಕ್ರಮದವು, ಅಂಡಗಳೂ ಹಾಗೆಯೇ. ಆದಕಾರಣ ಮಕ್ಕಳಲ್ಲಿ ನಾಲ್ಕರಲ್ಲೊಂದು ಪಾಲು ಹಳೆಯ ಕ್ರಮವನ್ನೇ ಇಬ್ಬಗೆಯಲ್ಲಿಯೂ ಪಡೆದು ಪೂರ್ಣ ಫಲವತ್ತಾಗಿರುತ್ತದೆ. ಎರಡು ಪಾಲು ತಾಯಿಯಂತೆಯೇ ಎರಡು ಕ್ರಮಗಳನ್ನೂ ಬೆರೆಸಿಕೊಂಡು ಅರ್ಧವಂಧ್ಯವಾಗಿರುತ್ತದೆ. ಉಳಿದ ಇನ್ನೊಂದು ಪಾಲು ಹೊಸ ಕ್ರಮವನ್ನೇ ಎರಡೂ ಕಡೆಯಿಂದ ಪಡೆದು, ಅದೂ ಸಾಮಾನ್ಯವಾಗಿ ಪೂರ್ಣ ಫಲವತ್ತಾಗಿರುತ್ತದೆ. ಈ ಕೊನೆಯ ಪಾಲೇ ವಿಷಯದ ಮರ್ಮವನ್ನು ಬಯಲುಮಾಡುತ್ತದೆ. ಅಲ್ಲಿ ತಂತುಗಳು ಕ್ರಮಗೆಟ್ಟಿವೆ, ಆದರೆ ಎರಡೂ ಒಂದೇ ರೀತಿಯಲ್ಲಿ ಕ್ರಮಗೆಟ್ಟಿವೆ. ಜೊತೆಗಳು ನಿರಾತಂಕವಾಗಿ ಕೂಡುತ್ತವೆ, ಕಾಳು ತುಂಬುತ್ತದೆ. ಅದನ್ನೇ ಹಳೆಯ ತಳಿಯೊಡನೆ ಸಂಕರಗೊಳಿಸಿದೊಡನೆ ಎಲ್ಲ ಮಕ್ಕಳೂ ಅರ್ಧವಂಧ್ಯವಾಗುತ್ತವೆ. ಎಂದ ಮೇಲೆ ದೋಷವಿರುವುದು ಹಳೆಯ ಕ್ರಮದಲ್ಲಿಯೂ ಅಲ್ಲ, ಹೊಸ ಕ್ರಮದಲ್ಲಿಯೂ ಅಲ್ಲ. ಎರಡು ಕ್ರಮಗಳು ಒಂದೇ ಗಿಡದಲ್ಲಿ ಕೂಡಿರುವ ವೈಷಮ್ಯದಲ್ಲಿ ಮಾತ್ರ.

ವಿಲೋಮದ ಲೆಕ್ಕವು ಸ್ವಲ್ಪ ಬೇರೆ. ಹಿಂದುಮುಂದಾದ ಭಾಗವು ತನ್ನ ಜೊತೆಗಾರನೊಡನೆ ಹೊಂದಿಕೊಳ್ಳಲು ಕುಣಿಕೆಯಾಗಿ ಬಾಗಬೇಕು. ಆ ಕುಣಿಕೆಯೊಳಗೆ ತಂತುಗಳು ಎಳೆಗಳನ್ನು ಬದಲಿಸಿಕೊಂಡರೆ, ಅನೇಕ ವೇಳೆ, ತಂತುವು ಧ್ರುವದತ್ತ ಎಳೆಯಲ್ಪಡುವ ತಾಣವಾದ ಕೇಂದ್ರಬಿಂದುವು ಎರಡಿರುವ ಒಂದು ಎಳೆಯೂ ಆ ಬಿಂದುವೇ ಇಲ್ಲದ ಇನ್ನೊಂದು ತುಂಡೂ ಹುಟ್ಟುತ್ತವೆ. ಮೊದಲನೆಯದು ಎರಡೂ ಧ್ರುವಗಳಿಂದ ಎಳೆಯಲ್ಪಟ್ಟು ಸೇತುವೆಯಾಗಿ ನಿಂತು ಹರಿಯುತ್ತದೆ, ಎರಡನೆಯದು ದಿಕ್ಕಿಲ್ಲದೆ ಕಳೆದುಹೋಗುತ್ತದೆ. ವಿಲೋಮವಾದ ಭಾಗವು ಚಿಕ್ಕದಾಗಿದ್ದರೆ ಅಲ್ಲಿ ಎಳೆಗಳ ವಿನಿಮಯವೇ ವಿರಳವಾದುದರಿಂದ ಜೊಳ್ಳೂ ವಿರಳ, ದೊಡ್ಡದಾದಷ್ಟೂ ಹೆಚ್ಚು.

ಎರಡು ಕ್ರಮಗಳು ಕೂಡಿದ್ದೂ ನಿರ್ವಹಿಸಿಕೊಂಡು ಹೋಗುವ ಸಸ್ಯಗಳನ್ನು ಪ್ರಕೃತಿಯೇ ರೂಪಿಸಿದೆ. ಹ್ಯೂಗೋ ಡಿ ವ್ರೀಸನು 1901ರಲ್ಲಿ ತನ್ನ ಪ್ರಸಿದ್ಧವಾದ ಉತ್ಪರಿವರ್ತನಾವಾದವನ್ನು ಮಂಡಿಸಿದುದು ಈನೊತೆರ ಎಂಬ ಸಂಜೆ ಅರಳುವ ಹೂವಿನ ಗಿಡವನ್ನು ಆಧರಿಸಿ. ಅದರ ಹದಿನಾಲ್ಕು ತಂತುಗಳಲ್ಲಿ ಹನ್ನೆರಡು ಒಂದೇ ಉಂಗುರವಾಗಿ ಕೂಡಿ, ಉಳಿದೆರಡು ಮಾತ್ರ ಜೊತೆಯಾಗಿರುತ್ತವೆಂದು ರಾಲ್ಫ್ ಕ್ಲೀಲೆಂಡ್ ಮೊದಲಾದವರ ಶ್ರಮದಿಂದ ಅನಂತರ ತಿಳಿದುಬಂದಿತು. ಡಿ ವ್ರೀಸನು ಕಂಡ ಹೊಸ ರೂಪಗಳಲ್ಲಿ ಬಹುಪಾಲು ಈ ವಿಚಿತ್ರ ವ್ಯವಸ್ಥೆಯ ಫಲಗಳೇ. ಆ ಉಂಗುರದಲ್ಲಿ ಒಂದು ಬಿಟ್ಟು ಒಂದು ತಂತು ಒಂದೇ ಕಡೆಗೆ ಸಾಗುವ ನಿಯಮವು ಎಷ್ಟು ಕಟ್ಟುನಿಟ್ಟಾದುದೆಂದರೆ ಅಪೂರ್ಣ ಪರಾಗಗಳು ಹುಟ್ಟುವುದೇ ಅಪರೂಪ. ನಮ್ಮ ಊರುಗಳ ತೋಟಗಳಲ್ಲಿ ಎಲೆಯ ಮೇಲ್ಮೈ ಹಸಿರಾಗಿ ಕೆಳಮೈ ನೇರಳೆಯಾಗಿ, ದೋಣಿಯಾಕಾರದ ಹೊದಿಕೆಯೊಳಗೆ ಬಿಳಿಯ ಹೂ ಬಿಡುವ ರೋಯಿಯೊ ಗಿಡವನ್ನು ಎಲ್ಲರೂ ನೋಡಿರುತ್ತಾರೆ. ಮಧ್ಯ ಅಮೆರಿಕದಿಂದ ಬಂದ ಅದರ ಹನ್ನೆರಡು ತಂತುಗಳೂ ಒಂದೇ ಉಂಗುರ ಅಥವಾ ಸರಪಳಿ. ಆದರೆ ಅದರಲ್ಲಿ ಹಂಚಿಕೆಯು ಈನೊತೆರದಷ್ಟು ನಿಯತವಲ್ಲದುದರಿಂದ ಪರಾಗವು ಬಹುಮಟ್ಟಿಗೆ ಜೊಳ್ಳು. ಬುಡದ ಮರಿಗಳಿಂದ ಹಬ್ಬಬಲ್ಲ ಸಸ್ಯಕ್ಕೆ ಅದರಿಂದ ದೊಡ್ಡ ನಷ್ಟವೇನೂ ಇಲ್ಲ.

ತಳಿವರ್ಧಕನ ಕೈಯಲ್ಲಿ ಈ ಕ್ರಮಭಂಗವೇ ಸಾಧನವಾದುದೂ ಉಂಟು. ಗೋಧಿಯ ದೂರದ ಬಂಧುವಾದ ಈಜಿಲಾಪ್ಸ್ ಎಂಬ ಕಾಡುಹುಲ್ಲಿನಲ್ಲಿ ಎಲೆಯ ತುಕ್ಕುರೋಗವನ್ನು ತಡೆಯುವ ಗುಣವಿತ್ತು. ಆದರೆ ಅದರ ತಂತುವು ಗೋಧಿಯ ತಂತುಗಳೊಡನೆ ಕೂಡದುದರಿಂದ ಆ ಗುಣವನ್ನು ಸಂಕರದಿಂದಷ್ಟೇ ಬಿಡಿಸಿ ತರಲಾಗುತ್ತಿರಲಿಲ್ಲ. ಮಿಸೂರಿಯ ಅರ್ನೆಸ್ಟ್ ಸಿಯರ್ಸನು ಕಾಡುಹುಲ್ಲಿನ ಆ ತಂತುವನ್ನು ಹೊತ್ತ ಗೋಧಿಗಿಡಗಳಿಗೆ ಕ್ಷ-ಕಿರಣವನ್ನು ಹಾಯಿಸಿ ತಂತುವನ್ನು ಮುರಿದು, ಅದರ ಚಿಕ್ಕ ತುಂಡೊಂದು ಗೋಧಿಯ ತಂತುವಿಗೆ ಅಂಟಿಕೊಂಡಿದ್ದ ಸಂತತಿಯನ್ನು ಪರಾಗದ ಮೂಲಕ ಆರಿಸಿ, 1956ರಲ್ಲಿ ಅದನ್ನು ಪ್ರಕಟಿಸಿದನು. ಹೆಚ್ಚು ಅನ್ಯದ್ರವ್ಯವನ್ನು ಹೊತ್ತ ಪರಾಗಗಳು ಸ್ಪರ್ಧೆಯಲ್ಲಿ ಹಿಂದುಳಿಯುತ್ತವೆಂಬ ನಿಯಮವೇ ಇಲ್ಲಿ ಅವನ ನೆರವಿಗೆ ಬಂದಿತು. ಬಾರ್ಲಿಯಲ್ಲಿ ಸಂಕರಬೀಜಗಳ ಉತ್ಪಾದನೆಗೆ ಬೇಕಾದ ಗಂಡುವಂಧ್ಯ ಗಿಡಗಳನ್ನು ಪಡೆಯಲು, ವಿನಿಮಯಗೊಂಡ ಹೆಚ್ಚುವರಿ ತಂತುವೊಂದು ಪರಾಗದ ಮೂಲಕ ದಾಟದೆಂಬುದನ್ನೇ ಬಳಸಿಕೊಳ್ಳುವ ಉಪಾಯವನ್ನು 1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ರಾಮೇಜ್ ಸೂಚಿಸಿದನು.

ಆದರೂ ಸಾಮಾನ್ಯ ತಳಿವರ್ಧಕನಿಗೆ ಬೇಕಾದುದು ಕ್ರಮಭಂಗವಲ್ಲ, ಒಂದೊಂದೇ ಜೀನಿನ ಪರಿವರ್ತನೆ. ಅದಕ್ಕಾಗಿಯೇ ಕಿರಣಗಳಿಗಿಂತ ತಂತುಗಳನ್ನು ಕಡಮೆ ಮುರಿಯುವ ಈಥೈಲ್ ಮೀಥೇನ್ ಸಲ್ಫೋನೇಟಿನಂಥ ರಾಸಾಯನಿಕಗಳು ಬಳಕೆಗೆ ಬಂದುವು. ಬೀಜಕ್ಕೆ ಕಿರಣ ಕೊಟ್ಟ ಮೊದಲ ಪೀಳಿಗೆಯಲ್ಲಿ ಜೊಳ್ಳು ಹೆಚ್ಚಾಗಿರುವುದು ಎಲ್ಲರ ಅನುಭವ. ಬೀಜದೊಳಗಿನ ಭ್ರೂಣದಲ್ಲಿ ಆಗಲೇ ಅನೇಕ ಕೋಶಗಳಿರುವುದರಿಂದ ಒಂದೇ ಗಿಡದ ಒಂದು ತೆನೆ ತುಂಬಿ ಇನ್ನೊಂದು ಅರೆಬರಿದಾಗಿರುವುದೂ ಉಂಟು. ಈ ಜೊಳ್ಳಿನಲ್ಲಿ ಒಂದು ಪಾಲು ಕಿರಣದಿಂದ ಒಡಲಿಗಾದ ನೇರ ಘಾಸಿ; ಅದು ಮುಂದಿನ ಪೀಳಿಗೆಗೆ ಬರುವುದಿಲ್ಲ. ಇನ್ನೊಂದು ಪಾಲು ತಂತುಗಳ ಕ್ರಮಭಂಗ, ಅದು ಬರುತ್ತದೆ. ಎರಡನೆಯ ಪೀಳಿಗೆಯನ್ನು ತೆನೆತೆನೆಯಾಗಿ ಬೇರೆಬೇರೆ ಬಿತ್ತಿ ನೋಡಿದ ಹೊರತು ಇವೆರಡನ್ನು ವಿಂಗಡಿಸಲಾಗದು. ತಂತುಗಳ ಗಣಗಳು ಇಮ್ಮಡಿಯಾಗಿಯೋ ಮುಮ್ಮಡಿಯಾಗಿಯೋ ಇರುವ ಸಸ್ಯಗಳು ಇಂಥ ಪೆಟ್ಟನ್ನು ಹೆಚ್ಚು ತಾಳಿಕೊಳ್ಳುತ್ತವೆ. ಗೋಧಿಯಲ್ಲಿಯೂ ತೋಕೆಗೋಧಿಯಲ್ಲಿಯೂ ಗಣಗಳು ಹೆಚ್ಚಿದಂತೆ ಕಣ್ಣಿಗೆ ಕಾಣುವ ಪರಿವರ್ತನೆಗಳು ಕಡಮೆಯಾಗುವುದನ್ನು ಸ್ಟ್ಯಾಡ್ಲರನೇ ಗಮನಿಸಿದ್ದನು. ಟ್ರಾಂಬೆಯ ಅಣುಸಂಶೋಧನಾ ಕೇಂದ್ರದಲ್ಲಿ ವಿಕಿರಣಜನ್ಯ ತಳಿಗಳ ಸಂಕರದಿಂದ ಮೂಡಿ ಕರ್ನಾಟಕದ ಹೊಲಗಳಿಗೂ ಬಂದ ಟಿ.ಎ.ಜಿ. 24 ಶೇಂಗಾ ತಳಿಯು ಇಂಥ ಇಮ್ಮಡಿ ಗಣಗಳ, ನಲವತ್ತು ತಂತುಗಳ ಬೆಳೆಯದು.

ಬೀಜಕ್ಕಾಗಿ ಅಲ್ಲದೆ ಎಲೆಗಾಗಿ ಬೆಳೆಯುವ ಗಿಡದಲ್ಲಿ ವಂಧ್ಯತೆಯ ಪ್ರಶ್ನೆಯೇ ಬೇರೆ ರೂಪವನ್ನು ತಾಳುತ್ತದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ ಬರಹಾಂಪುರದ ಸ್ಥಳೀಯ ಹಿಪ್ಪುನೇರಳೆಗೆ ಮೇಲೆ ಹೇಳಿದ ರಾಸಾಯನಿಕವನ್ನೇ ಪ್ರಯೋಗಿಸಿ ಪಡೆದ ಎಸ್-36 ತಳಿಯು, ಚಾಕಿ ಎಂದು ಕರೆಯುವ ಎಳೆಯ ರೇಷ್ಮೆಹುಳುಗಳಿಗೆ ಒಪ್ಪುವ ಮೃದುವಾದ ಎಲೆಗಳಿಗಾಗಿ ನಮ್ಮ ರೇಷ್ಮೆ ಬೆಳೆಗಾರರಿಗೆ ಪರಿಚಿತವಾಗಿದೆ. ಹಿಪ್ಪುನೇರಳೆಯನ್ನು ಕಡ್ಡಿಯಿಂದ ನೆಡುವುದರಿಂದ ಅದರ ತಂತುಗಳು ಮಿಯಾಸಿಸಿನ ಇಕ್ಕಟ್ಟನ್ನು ದಾಟಬೇಕಾಗಿಯೇ ಇಲ್ಲ. ಅದರ ಪರಾಗವು ಗಟ್ಟಿಯೋ ಜೊಳ್ಳೋ ಎಂಬುದು ಬೆಳೆಗಾರನ ಲೆಕ್ಕಕ್ಕೆ ಬರುವುದಿಲ್ಲ.

ಪ್ರಕೃತಿಯಲ್ಲಿ ಇದೇ ಅರ್ಧವಂಧ್ಯತೆಯು ಜಾತಿಗಳ ನಡುವಣ ಬೇಲಿಯೂ ಆಗಬಲ್ಲುದು. ಕ್ಯಾಲಿಫೋರ್ನಿಯದ ಮರ್ಸಿಡ್ ಹೊಳೆಯ ಕಣಿವೆಯಲ್ಲಿ ಬೆಳೆಯುವ ಕ್ಲಾರ್ಕಿಯ ಲಿಂಗ್ಯುಲೇಟ ಎಂಬ ಹೂಗಿಡವು ತನ್ನ ನೆರೆಯ ಕ್ಲಾರ್ಕಿಯ ಬೈಲೋಬವನ್ನು ಬಹುಮಟ್ಟಿಗೆ ಹೋಲುತ್ತದೆ. ಆದರೆ ತಂತುಗಳ ಕ್ರಮದಲ್ಲಿ ಅವೆರಡೂ ಹಲವು ವಿಧದಲ್ಲಿ ಭಿನ್ನವಾದುದರಿಂದ ಸಂಕರಸಂತತಿಯು ಬಹುಪಾಲು ವಂಧ್ಯವೆಂದೂ, ಮೊದಲನೆಯದು ಎರಡನೆಯದರಿಂದಲೇ ಕವಲೊಡೆದುದೆಂದೂ ಹಾರ್ಲನ್ ಲೂಯಿಸನು ತೋರಿಸಿದನು. ಹೊಸ ಕ್ರಮವು ತನ್ನಂಥದರೊಡನೆ ಕೂಡಿದಾಗ ಫಲವತ್ತಾಗಿ, ಹಳೆಯದರೊಡನೆ ಕೂಡಿದಾಗ ವಂಧ್ಯವಾಗಿ, ಕ್ರಮೇಣ ತನ್ನದೇ ಆದ ಸಂತತಿಯನ್ನು ಬೇರೆಯಾಗಿ ಬೆಳೆಸಿಕೊಳ್ಳುತ್ತದೆ.

ಹೀಗೆ ವಂಧ್ಯತೆ ಎಂಬ ಒಂದೇ ಹೆಸರಿನ ಕೆಳಗೆ ನಾವು ಪರಸ್ಪರ ವಿರುದ್ಧವಾದ ಎರಡು ಸಂಗತಿಗಳನ್ನು ಸೇರಿಸಿಬಿಡುತ್ತೇವೆ. ವಿಷದಿಂದಲೋ ಕಿರಣದಿಂದಲೋ ಒಡಲು ಘಾಸಿಗೊಂಡು ಬರುವ ವಂಧ್ಯತೆಯು ಆ ಗಿಡದೊಡನೆಯೇ ಮುಗಿಯುತ್ತದೆ. ತಂತುಗಳ ಕ್ರಮಭೇದದಿಂದ ಬರುವುದಾದರೋ ಮಕ್ಕಳಿಗೆ ದಾಟುತ್ತದೆ, ಆ ಮಕ್ಕಳಲ್ಲಿಯೇ ಒಂದು ಪಾಲಿನಲ್ಲಿ ಪರಿಹಾರವಾಗುತ್ತದೆ, ಅನುಕೂಲವಾದ ಸಂದರ್ಭದಲ್ಲಿ ಹೊಸದೊಂದು ಜಾತಿಗೂ ಮೂಲವಾಗುತ್ತದೆ. ಯಾವುದು ಯಾವುದೆಂಬುದನ್ನು ಎದುರಿಗೆ ನಿಂತ ಗಿಡವೊಂದೇ ಹೇಳಲಾರದು. ಅದರ ಕಾಳನ್ನು ಬಿತ್ತಿ ಮುಂದಿನ ಪೀಳಿಗೆಯ ಪರಾಗವನ್ನು ಎಣಿಸುವಷ್ಟು ತಾಳ್ಮೆಯುಳ್ಳವನಿಗೆ ಮಾತ್ರ ಆ ವಿವೇಚನೆಯು ಸಾಧ್ಯ.